ಹಿಟ್ಟಿನ ಕೋಳಿ, ಅರಸನ ಕೈ

ಜನ್ನಕವಿಯು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಕುರಿತು ಒಂದು ಮಾತು ರೂಢಿಯಾಗಿದೆ: ಇದು ಸಂಕಲ್ಪಹಿಂಸೆಯ ಕಾವ್ಯ, ಇಲ್ಲಿ ಪಾಪ ಮಾಡಿದ್ದು ಮನಸ್ಸೇ ಹೊರತು ದೇಹವಲ್ಲ. ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ.

ರಾಣಿ ಅಮೃತಮತಿಯು ಮಾವುತ ಅಷ್ಟಾವಂಕನಿಗೆ ಒಲಿದುದನ್ನು ಕಣ್ಣಾರೆ ಕಂಡ ಯಶೋಧರನು ತಾಯಿ ಚಂದ್ರಮತಿಗೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಶಾಂತಿಗೆ ಬಲಿ ಕೊಡೆಂದು ತಾಯಿ ಹಟ ಹಿಡಿದಾಗ ಜೀವಬಲಿಯನ್ನು ನಿರಾಕರಿಸಿ ಹಿಟ್ಟಿನ ಕೋಳಿಗೆ ಸಮ್ಮತಿಸುತ್ತಾನೆ. ಒಪ್ಪಿದ್ದು ಮನಸ್ಸು, ಆಗಲೆಂದದ್ದು ನಾಲಿಗೆ, ಕತ್ತಿಯೆತ್ತಿದ್ದು ಕೈ. ತತ್ತ್ವಾರ್ಥಸೂತ್ರವು ಯೋಗವನ್ನು ವಿವರಿಸುವಾಗ ಕಾಯ, ವಾಕ್ಕು, ಮನಸ್ಸು ಎಂದು ಕಾಯವನ್ನೇ ಮೊದಲಿಟ್ಟಿರುವುದು ಗಮನಾರ್ಹ. ಬಲಿಪೀಠದಲ್ಲಿ ಇಲ್ಲದಿದ್ದುದು ಸಾಯುವ ಜೀವಿಯ ದೇಹ ಮಾತ್ರ. ಕೊಲ್ಲುವವನ ದೇಹ ಪೂರ್ಣವಾಗಿಯೇ ಇತ್ತು. ಏಟು ಬಿದ್ದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಅರಸನಿಗೆ ತಪ್ಪು ತಿಳಿದದ್ದು ತರ್ಕದಿಂದಲ್ಲ, ಕಿವಿಯಿಂದ. (ಸಂಕ್ರಾಂತಿಯ ಸಕ್ಕರೆ ಅಚ್ಚುಗಳಲ್ಲಿ ಪ್ರಾಣಿರೂಪದವನ್ನು ಮಕ್ಕಳ ಕೈಗೆ ಕೊಡದ ಜೈನ ಮನೆಗಳು ಇಂದಿಗೂ ಇವೆ. ಅದನ್ನು ಮೂಢ ಆಚಾರವೆಂದು ನಗುವವರು ಈ ಪ್ರಸಂಗವನ್ನು ಓದಬೇಕು. ಕಚ್ಚುವುದನ್ನು ಕಲಿಯುವುದು ಹಲ್ಲು.)

ಮುಂದಿನ ಭವಗಳಲ್ಲಿಯೇ ಕಾವ್ಯದ ತಿರುಳಿದೆ. ತಾಯಿ-ಮಗ ನಾಯಿ-ನವಿಲಾಗಿ ಹುಟ್ಟಿ ತಮ್ಮದೇ ಅರಮನೆಗೆ ಬರುತ್ತಾರೆ; ಆ ನಾಯಿಯೇ ನವಿಲನ್ನು ಕೊಲ್ಲುತ್ತದೆ. ಬಳಿಕ ಹಾವು, ಮೀನು, ಆಡು. ತಂದೆಯ ಶ್ರಾದ್ಧಕ್ಕೆಂದು ಮಗ ಯಶೋಮತಿ ಮಾಡಿಸುವ ಅಡುಗೆಯಲ್ಲಿ ಬೇಯುವುದು ಆ ತಂದೆಯ ಮಾಂಸವೇ! ಮನಸ್ಸಿನ ಹೆಸರಿನಲ್ಲಿ ಬರೆದ ಸಾಲವನ್ನು ಚರ್ಮ, ಎಲುಬು, ಹಸಿವುಗಳು ತೀರಿಸಬೇಕಾಯಿತು. ಗಿರೀಶ ಕಾರ್ನಾಡರು ಇದೇ ವಸ್ತುವಿನಿಂದ ‘ಹಿಟ್ಟಿನ ಹುಂಜ’ವನ್ನು ರಚಿಸಿದಾಗ ಕಥೆಯನ್ನು ಒಂದು ರಾತ್ರಿಗೆ ಇಳಿಸಿ ಭವಾವಳಿಯನ್ನು ಕೈಬಿಟ್ಟರು. ನಾಟಕಕ್ಕೆ ಅದರಿಂದ ಬಿಗಿ ಬಂದಿತು, ಒಪ್ಪಬೇಕು. ಆದರೆ ಹಿಂಸೆಯು ದಂಪತಿಗಳ ಮನಃಕ್ಲೇಶವಾಗಿ ಉಳಿಯಿತು. ಕೊಂದವನೇ ಕೊಲೆಗೀಡಾಗುವ ಅನುಭವ ಬಿಟ್ಟುಹೋಯಿತು.

ಜನ್ನನಲ್ಲಿಯೂ ಒಂದು ತೊಡಕುಂಟು. ಮಾವುತನ ವಿಕಾರ ಅಂಗಾಂಗಗಳ ವರ್ಣನೆಯಲ್ಲಿ ಕವಿ ಅಗತ್ಯಕ್ಕಿಂತ ಹೆಚ್ಚು ರಮಿಸುತ್ತಾನೆ. ಮೀನಿನ ಮೈಯೂ ಜೀವಕ್ಕೆ ಪಾಠಶಾಲೆಯಾಗುವ ಕಾವ್ಯದಲ್ಲಿ ಕುರೂಪವನ್ನು ನಗೆಗೀಡು ಮಾಡಿದ್ದು ಸಲ್ಲದು. ರಾಣಿ ಮರುಳಾದದ್ದಾದರೂ ಅವನ ಹಾಡಿಗೆ.

ಈ ಕಥೆಯನ್ನು ಹೇಳುವವನು ಅಭಯರುಚಿ. ತಂಗಿಯೊಡನೆ ಚಂಡಮಾರಿಯ ಗುಡಿಗೆ ಬಲಿಯಾಗಿ ಎಳೆದು ತಂದ ಬಾಲಕ. ಮಾರಿದತ್ತನ ಕತ್ತಿಯನ್ನು ತಡೆದದ್ದು ಸಿದ್ಧಾಂತದ ವಾದವಲ್ಲ. ಒಮ್ಮೆ ನವಿಲಾಗಿ, ಒಮ್ಮೆ ಮೀನಾಗಿ, ಒಮ್ಮೆ ಆಡಾಗಿ ಸತ್ತುಬಂದ ಜೀವವೊಂದು ಎಳೆಯ ಮೈಯಲ್ಲಿ ಅವನೆದುರು ಅಂಜದೆ ನಿಂತಿತ್ತು.