ಸಮಪ್ರಮಾಣ ಕೋಷ್ಟಕ ಅಳತೆಪಟ್ಟಿಯಲ್ಲ

ತೀವ್ರ ನೋವಿಗೆ ಕೊಡುವ ಓಪಿಯಾಯ್ಡ್ ಔಷಧಗಳ ಸಮಪ್ರಮಾಣ ಕೋಷ್ಟಕವನ್ನು ಔಷಧಶಾಸ್ತ್ರದ ಪುಸ್ತಕಗಳಲ್ಲಿ ನೀವು ನೋಡಿರಬಹುದು. ಬಾಯಿಯ ಮೂಲಕ ಕೊಡುವ 30 ಮಿಲಿಗ್ರಾಂ ಮಾರ್ಫೀನ್ 20 ಮಿಲಿಗ್ರಾಂ ಮೆಥಡೋನ್‌ಗೆ ಸಮ ಎಂದು ಹಳೆಯ ಕೋಷ್ಟಕಗಳು ಹೇಳುತ್ತವೆ. ಒಂದು ಅಂಗುಲಕ್ಕೆ 2.54 ಸೆಂಟಿಮೀಟರ್ ಎಂಬಷ್ಟೇ ಖಚಿತವಾಗಿ ಅದು ಕಾಣುತ್ತದೆ. ಭೌತವಿಜ್ಞಾನದ ಅಧ್ಯಾಪಕನಾಗಿ ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ಈ ಅಂಕಿಗಳು ಹೆಚ್ಚಾಗಿ ಬಂದದ್ದು ಒಂದೇ ಬಾರಿ ಔಷಧ ಕೊಟ್ಟು, ನೋವು ಎಷ್ಟು ತಗ್ಗಿತೆಂದು ನೋಡಿದ ಪ್ರಯೋಗಗಳಿಂದ. ಅವನ್ನು ಬಳಸುವುದಾದರೋ ತಿಂಗಳುಗಟ್ಟಲೆ ಮಾರ್ಫೀನ್ ಸೇವಿಸಿದ ಕ್ಯಾನ್ಸರ್ ರೋಗಿಗೆ. ಅಷ್ಟರಲ್ಲಿ ಆತನ ನರಕೋಶಗಳ ಮ್ಯೂ ಗ್ರಾಹಿಗಳು ಮಂದವಾಗಿ, ಅದೇ ಪರಿಣಾಮಕ್ಕೆ ಹೆಚ್ಚು ಔಷಧ ಬೇಕಾಗಿರುತ್ತದೆ. ಇದೇ ಸಹಿಷ್ಣುತೆ. ಮೆಥಡೋನ್ ಕೂಡ ಅದೇ ಗ್ರಾಹಿಗಳ ಮೇಲೆ ವರ್ತಿಸುವುದರಿಂದ ಅದಕ್ಕೂ ಸಹಿಷ್ಣುತೆ ಬಂದಿರುತ್ತದೆ. ಆದರೆ ಪೂರ್ಣವಾಗಿ ಅಲ್ಲ. ಮೆಥಡೋನ್ ಎನ್‌ಎಂಡಿಎ ಎಂಬ ಇನ್ನೊಂದು ಗ್ರಾಹಿಯನ್ನೂ ತಡೆಯುತ್ತದೆ. ಹೀಗಾಗಿ ಹೊಸ ಔಷಧ ನಿರೀಕ್ಷೆಗಿಂತ ಪ್ರಬಲವಾಗುತ್ತದೆ.

ಲೆಕ್ಕ ಮಾಡಿ ನೋಡಿ. ದಿನಕ್ಕೆ 360 ಮಿಲಿಗ್ರಾಂ ಮಾರ್ಫೀನ್ ಸೇವಿಸುವವರಿಗೆ ಹಳೆಯ ಕೋಷ್ಟಕದಂತೆ 240 ಮಿಲಿಗ್ರಾಂ ಮೆಥಡೋನ್ ಬೇಕು. ಆದರೆ 1998ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಾರ್ಫೀನ್ 90 ಮಿಲಿಗ್ರಾಂವರೆಗೆ ಇದ್ದಾಗ ಅನುಪಾತ ಸುಮಾರು 4:1, 300 ಮೀರಿದಾಗ ಸುಮಾರು 12:1 ಎಂದು ತೋರಿಸಿತು. ಈ ಪ್ರಕಾರ ಬರುವ ಉತ್ತರ 30 ಮಿಲಿಗ್ರಾಂ! ಎಂಟು ಪಟ್ಟು ವ್ಯತ್ಯಾಸವೆಂದರೆ ಉಸಿರಾಟವೇ ನಿಲ್ಲಬಹುದು. ಇತರ ಓಪಿಯಾಯ್ಡ್‌ಗಳಿಂದ ಮೆಥಡೋನ್‌ಗೆ ಬದಲಾದವರಲ್ಲೂ ಸಾವುಗಳು ಸಂಭವಿಸಿವೆಯೆಂದು ಅಮೆರಿಕದ ಎಫ್‌ಡಿಎ 2006ರಲ್ಲಿ ಎಚ್ಚರಿಸಿತು.

ಅಂಗುಲ, ಸೆಂಟಿಮೀಟರ್‌ಗಳ ಅನುಪಾತ ಉದ್ದವನ್ನು ಅವಲಂಬಿಸುವುದಿಲ್ಲ. ಇಲ್ಲಿ ಅನುಪಾತವೇ ಪ್ರಮಾಣದೊಂದಿಗೆ ಬದಲಾಗುತ್ತದೆ. ಕಬ್ಬಿಣದ ಕಾಂತತೆ ಅದರ ಹಿಂದಿನ ಸ್ಥಿತಿಗಳನ್ನು ಅವಲಂಬಿಸುವಂತೆ, ದೇಹದ ಪ್ರತಿಕ್ರಿಯೆಗೂ ಒಂದು ಇತಿಹಾಸವಿದೆ. 'ಸಮ' ಎಂಬ ಚಿಹ್ನೆ ಅದನ್ನು ಮರೆಮಾಚುತ್ತದೆ.

ಕೋಷ್ಟಕವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅಂಕಿಗಳು ಯಾವ ಪ್ರಯೋಗದಿಂದ ಬಂದವು ಎಂಬುದು ಅದರ ಕೆಳಗೇ ಇರಲಿ. ಇತರ ಓಪಿಯಾಯ್ಡ್‌ಗಳಿಗೆ ಬದಲಿಸುವಾಗ ಲೆಕ್ಕದ ಪ್ರಮಾಣವನ್ನು ವೈದ್ಯರು ಸಾಮಾನ್ಯವಾಗಿ ಶೇಕಡಾ 25ರಿಂದ 50ರಷ್ಟು ತಗ್ಗಿಸುತ್ತಾರೆ, ಮೆಥಡೋನ್‌ಗೆ ಬೇರೆಯೇ ವಿಧಾನವಿದೆ ಎಂಬುದೂ ಇರಲಿ. ಮೆಥಡೋನ್ 2015ರಲ್ಲಿ ನಮ್ಮ ದೇಶದ ಅಗತ್ಯ ಮಾದಕ ಔಷಧಗಳ ಪಟ್ಟಿಗೂ ಸೇರಿತು. ಹಾಗಾಗಿ ಅಧ್ಯಾಪಕರೇ, ಸಮೀಕರಣ ಕಂಡ ಕೂಡಲೇ 'ಯಾವ ಸ್ಥಿತಿಯಲ್ಲಿ?' ಎಂದು ಕೇಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿ.