ಆಡುನುಡಿ ಮತ್ತು ಅಕ್ಷರ

ತಾಯ್ನುಡಿಯನ್ನು ಮನೆಯಲ್ಲಿಯೇ ಆಡುವ ಮಗುವಿಗೆ ಅದರ ಓದುಬರಹವನ್ನು ಪ್ರತ್ಯೇಕವಾಗಿ ಕಲಿಸಬೇಕೆ? ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳ ಸಾಹಿತ್ಯವೇ ಈ ಪ್ರಶ್ನೆಗೆ ಉತ್ತರವೀಯುತ್ತದೆಯೆಂದು ನಾವು ಭಾವಿಸುತ್ತೇವೆ.

ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದ ‘ಶ್ರೀಕೃಷ್ಣ ಪಾರಿಜಾತ’ವು ಅಕ್ಷರವರಿಯದವರ ಕಂಠದಲ್ಲಿಯೂ ನೆಲೆಸಿತು. ಆದುದರಿಂದ ನಿರಕ್ಷರರ ನುಡಿ ಬಡವೆನ್ನಲಾಗದು. ಆದರೆ ಕಂಠದಲ್ಲಿ ಮಾತ್ರ ಉಳಿದುದು ಕೇಳಿದವರಿಗಷ್ಟೇ ದಕ್ಕುತ್ತದೆ. ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರು ಹಳ್ಳಿಯ ನುಡಿಯಲ್ಲಿ ಕವಿತೆ ಬರೆದುದರಿಂದಲೇ ಅದು ದೂರದ ಓದುಗನಿಗೂ ತಲುಪಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು 1964ರ ತಮ್ಮ ಕಾವ್ಯಕ್ಕೆ ‘ಹೇಳತೇನ ಕೇಳ’ ಎಂದೇ ಹೆಸರಿಟ್ಟರು. ಪಠ್ಯಪುಸ್ತಕದ ಕನ್ನಡದಲ್ಲಿ ಇದು ‘ಹೇಳುತ್ತೇನೆ ಕೇಳು’ ಎಂದಾಗುತ್ತಿತ್ತು. ಎರಡು ರೂಪಗಳನ್ನೂ ಬಲ್ಲ ಕವಿಗೆ ಮಾತ್ರ ಇಂಥ ಆಯ್ಕೆ ಸಾಧ್ಯ. ವಿದ್ಯಾಭ್ಯಾಸವು ಅವರ ಊರಮಾತನ್ನು ಅಳಿಸದೆ ಅದನ್ನು ನಾಡಿಗೆಲ್ಲ ಮುಟ್ಟಿಸಿತು.

ಎಲ್ಲ ಶಾಲೆಗಳಲ್ಲಿಯೂ ಹೀಗಾಗುವುದಿಲ್ಲ. ಮನೆಯ ಮಾತನ್ನು ಅಶುದ್ಧವೆಂದು ಗೀಟು ಹಾಕಿದಲ್ಲಿ ಮಗುವು ಲೇಖನಿ ಹಿಡಿಯಲು ಹಿಂಜರಿಯುತ್ತದೆ. ತನ್ನ ಅನುಭವ ಬರೆಯತಕ್ಕುದಲ್ಲವೆಂದು ತಿಳಿಯುತ್ತದೆ. ಅಕ್ಷರವನ್ನು ಕಲಿಸದೆ ಬಿಡುವುದೂ ಅಷ್ಟೇ ಹಾನಿಕರ. ಗ್ರಾಂಥಿಕ ರೂಪವನ್ನು ಕಲಿಸುತ್ತಲೇ ಆಡುರೂಪದೊಡನೆ ಅದಕ್ಕಿರುವ ಸಂಬಂಧವನ್ನು ತೋರಿಸಿಕೊಡುವುದು ಅಧ್ಯಾಪಕರ ಮೊದಲ ಹೊಣೆಯೆಂದು ನಮ್ಮ ನಂಬಿಕೆ.