ಮೂರು ರಾಗಗಳ ಒಂದು ತಟ್ಟೆ

ಸಿತಾರ್ ಎಂದರೆ ರವಿಶಂಕರ್, ರವಿಶಂಕರ್ ಎಂದರೆ ಬೀಟಲ್ಸ್ ಹುಡುಗನೊಬ್ಬನ ಗುರು ಎಂಬ ಮಾತು ನಮ್ಮ ಮಕ್ಕಳ ಬಾಯಲ್ಲಿ ನಿಂತುಬಿಟ್ಟಿದೆ. ಜಾರ್ಜ್ ಹ್ಯಾರಿಸನ್ ಅವರಲ್ಲಿ ಪಾಠಕ್ಕೆ ಕುಳಿತದ್ದು ೧೯೬೬ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, ೧೯೫೬ರಲ್ಲಿ, ರವಿಶಂಕರರ ಮೊದಲ ಲಾಂಗ್ ಪ್ಲೇ ಧ್ವನಿಮುದ್ರಿಕೆ ಲಂಡನ್ನಿನಲ್ಲಿ ತಯಾರಾಯಿತು. ಹೆಸರು ‘ಥ್ರೀ ರಾಗಾಸ್’. ತಬಲಾ ಚತುರಲಾಲರದು, ತಂಬೂರಿ ಪ್ರದ್ಯೋತ್ ಸೇನರದು. ಕನ್ನಡಿಗರಾದ ನಾವು ಈ ತಟ್ಟೆಯನ್ನು ವಿಶೇಷ ಗಮನದಿಂದ ಕೇಳಬೇಕು. ಏಕೆಂದರೆ ಇದರಲ್ಲಿರುವ ಮೂರು ರಾಗಗಳಲ್ಲಿ ಒಂದು ನಮ್ಮ ಕಡೆಯದು.

ಮೊದಲು ತಟ್ಟೆಯ ವಿಚಾರ. ಹಳೆಯ ೭೮ ಸುತ್ತಿನ ಹತ್ತಂಗುಲದ ಪ್ಲೇಟಿನಲ್ಲಿ ಒಂದು ಮುಖಕ್ಕೆ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. ಅಷ್ಟರಲ್ಲಿ ಆಲಾಪವೆಲ್ಲಿ ಬಂತು? ನಿಮಿಷಕ್ಕೆ ೩೩⅓ ಸುತ್ತು ತಿರುಗುವ ಲಾಂಗ್ ಪ್ಲೇ ಬಂದ ಮೇಲೆಯೇ ವಾದಕನಿಗೆ ಕಾಲು ಚಾಚಲು ಜಾಗ ಸಿಕ್ಕಿತು. ಈ ತಟ್ಟೆಯ ಮೊದಲ ಮುಖವನ್ನು ಜೋಗ್ ರಾಗವೊಂದೇ ಸುಮಾರು ೨೮ ನಿಮಿಷ ತುಂಬಿದೆ. ಎರಡನೆಯ ಮುಖದಲ್ಲಿ ಅಹೀರ್ ಲಲಿತ್ ಸುಮಾರು ೧೫ ನಿಮಿಷ, ಸಿಂಹೇಂದ್ರಮಧ್ಯಮ ಸುಮಾರು ೧೧ ನಿಮಿಷ.

ಜೋಗ್ ಈ ಮುದ್ರಿಕೆಯ ಜೀವಾಳ. ಈ ರಾಗದಲ್ಲಿ ರಿಷಭವಿಲ್ಲ, ಧೈವತವಿಲ್ಲ. ಗಾಂಧಾರಗಳು ಮಾತ್ರ ಎರಡು. ಏರುವಾಗ ಶುದ್ಧ ಗಾಂಧಾರ, ಷಡ್ಜಕ್ಕೆ ಇಳಿಯುವಾಗ ಕೋಮಲ ಗಾಂಧಾರ. ನಗುನಗುತ್ತ ಮಾತಾಡುತ್ತಿದ್ದವರ ದನಿ ಥಟ್ಟನೆ ಗದ್ಗದವಾದಂತೆ ಅದು ಕೇಳಿಸುತ್ತದೆ. ಸಂಗೀತದ ಗಂಧವಿಲ್ಲದವರಿಗೂ ಆ ಬದಲಾವಣೆ ತಿಳಿಯದೆ ಹೋಗುವುದಿಲ್ಲ. ಅಹೀರ್ ಲಲಿತ್ ರವಿಶಂಕರರೇ ಕಟ್ಟಿದ ಮುಂಜಾನೆಯ ರಾಗ. ಅಹೀರ್ ಭೈರವ ಮತ್ತು ಲಲಿತಗಳನ್ನು ಅವರು ಇಲ್ಲಿ ಬೆಸೆದಿದ್ದಾರೆ. ಕರ್ನಾಟಕ ಸಂಗೀತ ಬಲ್ಲವರಿಗೆ ಅಹೀರ್ ಭೈರವ ಚಕ್ರವಾಕದ ಸೋದರಸಂಬಂಧಿ ಎಂದರೆ ಸಾಕು. ಆದರೆ ಜೋಗಿನ ಸಹಜತೆ ಇಲ್ಲಿಲ್ಲ. ಬುದ್ಧಿಗೆ ಸಂತೋಷವಾಗುತ್ತದೆ, ಮನಸ್ಸು ಸ್ವಲ್ಪ ಹಿಂದೆ ಉಳಿಯುತ್ತದೆ.

ಇನ್ನು ಸಿಂಹೇಂದ್ರಮಧ್ಯಮ. ಇದು ೫೭ನೆಯ ಮೇಳಕರ್ತ. ೨೧ನೆಯ ಮೇಳವಾದ ಕೀರವಾಣಿಯ ಶುದ್ಧ ಮಧ್ಯಮವನ್ನು ಪ್ರತಿಮಧ್ಯಮ ಮಾಡಿದರೆ ಇದು. ಮೈಸೂರು ವಾಸುದೇವಾಚಾರ್ಯರ ‘ನಿನ್ನೇ ನಮ್ಮಿತಿನಯ್ಯ’ ಕೃತಿ ಕೇಳಿದವರಿಗೆ ಪರಿಚಯ ಬೇಕಿಲ್ಲ. ಉತ್ತರಾದಿಯವರು ನಮ್ಮ ರಾಗ, ಕೃತಿಗಳನ್ನು ಮುಟ್ಟಿದ್ದು ಇದೇ ಮೊದಲಲ್ಲ. ಮೈಸೂರು ಆಸ್ಥಾನದ ಸಂಪರ್ಕವಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಹಳೆಯ ಪ್ಲೇಟಿನ ಕಾಲದಲ್ಲೇ ಹಾಡಿದ್ದರು. ಆದರೆ ಲಂಡನ್ನಿನಲ್ಲಿ ಭಾರತದ ಸಂಗೀತವನ್ನು ಪರಿಚಯಿಸಲು ಹೊರಟ ಸಿತಾರ್ ವಾದಕರೊಬ್ಬರು ತಮ್ಮ ಮೊದಲ ಲಾಂಗ್ ಪ್ಲೇಗೇ ಕರ್ನಾಟಕ ಸಂಗೀತದ ರಾಗವನ್ನು ಆರಿಸಿಕೊಂಡದ್ದು ಸಣ್ಣ ಮಾತಲ್ಲ.

ಹೊಗಳಿಕೆಯ ಜೊತೆಗೆ ತಕರಾರನ್ನೂ ಹೇಳಬೇಕು. ಕರ್ನಾಟಕ ಸಂಗೀತದ ರಸಿಕರು, “ಇದು ಸಿಂಹೇಂದ್ರಮಧ್ಯಮದ ಸ್ವರ, ಸಿಂಹೇಂದ್ರಮಧ್ಯಮವಲ್ಲ” ಎನ್ನುತ್ತಾರೆ. ಅದು ಅರ್ಧ ಸರಿ. ವೀಣೆಯಲ್ಲಿ ಗಾಂಧಾರ ತೂಗಾಡುತ್ತ ಬರುತ್ತದೆ. ಸಿತಾರಿನಲ್ಲಿ ಸ್ವರದ ಮೇಲೆ ನಿಲ್ಲುವುದೇ ಸೊಗಸು, ಒಂದರಿಂದ ಇನ್ನೊಂದಕ್ಕೆ ಮೀಂಡಿನಲ್ಲಿ ಜಾರುವುದು ಅದರ ಮರ್ಯಾದೆ. ತವರಿನ ನಡಿಗೆಯನ್ನೇ ಅತ್ತೆಮನೆಯಲ್ಲೂ ನಡೆಯಬೇಕೆಂದು ಹೆಣ್ಣಿಗೆ ಹೇಳುವಂತಿಲ್ಲ, ರಾಗಕ್ಕೂ ಹಾಗೆಯೇ. ನನ್ನ ತಕರಾರು ಬೇರೆ. ಹೊಸದಾಗಿ ಮನೆ ಹೊಕ್ಕ ಹೆಣ್ಣಿಗೆ ಎಲ್ಲರಿಗಿಂತ ಕಡಿಮೆ ಹೊತ್ತು ಕೊಟ್ಟು, ಎಲ್ಲರಿಗಿಂತ ಕೊನೆಯಲ್ಲಿ ಕೂರಿಸಿದ್ದು ಸರಿಯೇ? ಹನ್ನೊಂದು ನಿಮಿಷದಲ್ಲಿ ರಾಗದ ಮುಖ ಕಾಣುತ್ತದೆ, ಮಾತು ಕೇಳುವುದಿಲ್ಲ.

ಕೊನೆಯ ಜಾಗವೆಂಬುದಕ್ಕೆ ಲೆಕ್ಕವೂ ಇದೆ. ತಟ್ಟೆ ಸುತ್ತುವ ವೇಗ ಒಂದೇ ಆದರೂ ಮುಳ್ಳಿನ ಕೆಳಗೆ ಗೆರೆ ಓಡುವ ವೇಗ ಒಂದೇ ಅಲ್ಲ. ಹನ್ನೆರಡಂಗುಲದ ತಟ್ಟೆಯ ಅಂಚಿನಲ್ಲಿ ಸೆಕೆಂಡಿಗೆ ಸುಮಾರು ೫೦ ಸೆಂಟಿಮೀಟರ್ ಗೆರೆ ಹಾಯ್ದರೆ, ಒಳಗಿನ ಕೊನೆಯಲ್ಲಿ ಸುಮಾರು ೨೧ ಮಾತ್ರ. ಅಷ್ಟು ಕಡಿಮೆ ಗೆರೆಯಲ್ಲಿ ಅಷ್ಟೇ ನಾದವನ್ನು ಅಡಕಬೇಕಾದ್ದರಿಂದ ತಾರದ ಕಂಪನಗಳು ಮಂಕಾಗುತ್ತವೆ. ನಮ್ಮ ಸಂಗೀತದ ದುರದೃಷ್ಟವೆಂದರೆ ನಿಧಾನದ ಆಲಾಪ ಅಂಚಿಗೂ ಚುರುಕಿನ ಕೊನೆಯ ಭಾಗ ಒಳಕ್ಕೂ ಬೀಳುತ್ತದೆ. ೨೦೦೦ದಲ್ಲಿ ಇದು ಸಿ.ಡಿ.ಯಾಗಿ ಬಂದಿತು, ಆ ತೊಡಕು ಅದರಲ್ಲಿಲ್ಲ.

ಇಷ್ಟೆಲ್ಲ ಏಕೆ ಬರೆದೆನೆಂದರೆ, ನಮ್ಮಲ್ಲೇ ಎರಡು ಪಂಗಡಗಳಿವೆ. ಮೈಸೂರು, ಬೆಂಗಳೂರಿನ ಕಡೆಯಿಂದ ಬಂದವರು ವೀಣೆ, ಪಿಟೀಲು ಎನ್ನುತ್ತೇವೆ. ಧಾರವಾಡ, ಕಲಬುರಗಿ, ರಾಯಚೂರಿನವರು ಖಯಾಲ್, ಸಿತಾರ್ ಎನ್ನುತ್ತಾರೆ. ಕಾರ್ಯಕ್ರಮಕ್ಕೆ ಯಾರನ್ನು ಕರೆಯಬೇಕೆಂಬ ಚರ್ಚೆ ಎದ್ದಾಗ ಒಂದೇ ಭಾಷೆಯ ಜನ ಎರಡು ಸಾಲಾಗುತ್ತೇವೆ. ಒಬ್ಬರ ಕಚೇರಿಗೆ ಇನ್ನೊಬ್ಬರು ಬರುವುದಿಲ್ಲ. ಈ ತಟ್ಟೆ ಬಂದ ೧೯೫೬ರಲ್ಲಿಯೇ, ನವೆಂಬರ್ ಒಂದರಂದು, ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದವು. ಭೂಪಟದಲ್ಲಿ ಒಂದಾದ ನಾವು ಸಂಗೀತದಲ್ಲಿ ಏಕೆ ದೂರವಿರಬೇಕು? ಸಿತಾರ್ ನಮಗೆ ಪರಕೀಯವೂ ಅಲ್ಲ. ಸಿತಾರರತ್ನ ಎನಿಸಿದ ರಹಿಮತ್ ಖಾನರು ನೆಲೆಸಿದ್ದು ಧಾರವಾಡದಲ್ಲಿ. ೨೦೦೭ರಲ್ಲಿ ತೀರಿಕೊಂಡ ಅವರ ಮೊಮ್ಮಗ ಬಾಲೇ ಖಾನರವರೆಗೂ ಆ ಮನೆತನದ ನಾದ ಕನ್ನಡ ನೆಲದ್ದೇ.

ಆದ್ದರಿಂದ ಓದುಗ ಮಿತ್ರರಲ್ಲಿ ಒಂದು ಸೂಚನೆ. ಒಂದು ಭಾನುವಾರ ವೀಣೆಯಲ್ಲಿ ವಾಸುದೇವಾಚಾರ್ಯರ ಆ ಕೃತಿಯನ್ನು ಕೇಳಿ, ಬೆನ್ನಿಗೇ ಈ ಹನ್ನೊಂದು ನಿಮಿಷಗಳನ್ನು ಕೇಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ೨೦೦೮ರಲ್ಲಿ ಪ್ರಯಾಣಿಕರ ವಿಮಾನಗಳು ಶಂಷಾಬಾದಿಗೆ ಹೋದ ಮೇಲೆ ನಮ್ಮ ಬೇಗಂಪೇಟೆಯಲ್ಲಿ ತಲೆಯ ಮೇಲಿನ ಸದ್ದಾದರೂ ಕಡಿಮೆಯಾಗಿದೆ. ರಸ್ತೆಯ ಕಡೆಯ ಕಿಟಕಿ ಮುಚ್ಚಿದರೆ ಸಾಕು. ಯಾವುದು ಮೇಲೆಂದು ಮಕ್ಕಳನ್ನು ಕೇಳಬೇಡಿ. ಎರಡೂ ಒಂದೇ ರಾಗವೇ ಎಂದು ಕೇಳಿ. ಅವರ ಉತ್ತರವನ್ನು ನಮ್ಮ ಮುಂದಿನ ಕಾರ್ಯಕ್ರಮದ ಚರ್ಚೆಗೆ ತನ್ನಿ.